ಗೆರಟೆಯಲ್ಲಿ ರಾಗಿ, ಮಾಡಿನಲ್ಲಿ ನಕ್ಷತ್ರ: ಪಾಠ ನಿಲ್ಲಿಸದೆ ಮಾಡಿದ ಕ್ರಿಸ್ಮಸ್ ವಾರ

ಡಿಸೆಂಬರ್ ಹತ್ತು ದಾಟಿತೆಂದರೆ ನಮ್ಮಂಥ ಶಾಲೆಗಳಲ್ಲಿ ಪಾಠ ಮುಗಿದ ಹಾಗೆಯೇ. ಇಪ್ಪತ್ತು ಮಕ್ಕಳು ನಾಟಕ, ಡ್ಯಾನ್ಸ್ ಅಂತ ಪ್ರಾಕ್ಟೀಸಿಗೆ ಹೋಗುತ್ತಾರೆ. ಉಳಿದ ನಲವತ್ತು ಮಕ್ಕಳು ಸುಮ್ನೆ ಕೂತಿರುತ್ತಾರೆ. ಕ್ರೈಸ್ತ ಆಡಳಿತದ ಕನ್ನಡ ಶಾಲೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ನಮ್ಮದು ಬಂಟ್ವಾಳ ತಾಲೂಕಿನ ಅನುದಾನಿತ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೆಯವರೆಗೆ 62 ಮಕ್ಕಳು, ಮುಖ್ಯ ಶಿಕ್ಷಕಿ (ಎಚ್.ಎಂ.) ಸಿಸ್ಟರ್ ಸೇರಿ ಮೂರು ಜನ ಟೀಚರುಗಳು.

ನಾನು 2022ರಲ್ಲಿ ಒಂದು ಮಾತು ಹೇಳಿದೆ. ಹಬ್ಬದ ತಯಾರಿಗೆ ಅಂತ ಬೇರೆ ಪೀರಿಯಡ್ ಬೇಡ, ತಯಾರಿಯೇ ಪಾಠ ಆಗಲಿ, 62 ಮಕ್ಕಳಿಗೂ ಕೆಲಸ ಇರಲಿ ಅಂತ. "ಎರಡೂ ಕೆಡ್ತದೆ ಟೀಚರ್, ಅತ್ಲಾಗೆ ಪಾಠವೂ ಇಲ್ಲ, ಇತ್ಲಾಗೆ ಹಬ್ಬವೂ ಇಲ್ಲ" ಎಂದರು ಸಹೋದ್ಯೋಗಿ. ಎರಡು ವರ್ಷ ಅವರ ಮಾತೇ ನಿಜವಾಯಿತು. 2024ರಲ್ಲಿ ಮಾತ್ರ ಎಲ್ಲವೂ ಕೂಡಿ ಬಂತು. ಈಗ ಅಕ್ಕಪಕ್ಕದ ಶಾಲೆಯವರು ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಟ್ಟದ್ದನ್ನೇ ಹೇಳುತ್ತೇನೆ.

ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ ಹಸಿರು ಬೇಕಲ್ವಾ, ನಮ್ಮ ಮನೆಗಳಲ್ಲಿ ಎಂಟು ಹತ್ತು ದಿನ ಮೊದಲೇ ರಾಗಿ ಬಿತ್ತುತ್ತೇವೆ. ಅದನ್ನೇ ಶಾಲೆಯಲ್ಲಿ ಮಾಡಿಸಿ ಅಳತೆಯ ಪಾಠ ಮಾಡೋಣ ಅಂತ ನನ್ನ ಲೆಕ್ಕ. 2022ರಲ್ಲಿ ಬಿಸಿಯೂಟದ ಎರಡು ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಬಿತ್ತಿದೆವು. ಪ್ರೀತಿ ಜಾಸ್ತಿಯಾಗಿ ಎಲ್ಲರೂ ನೀರು ಹಾಕಿದರು. ನೀರು ಹೋಗಲು ದಾರಿ ಇಲ್ಲ. ನಾಲ್ಕನೇ ದಿನ ಬಿಳಿ ಬೂಸ್ಟು. ಇನ್ನೊಂದು ತಟ್ಟೆಯ ರಾಗಿಯನ್ನು ಇರುವೆಗಳು ಒಂದೇ ರಾತ್ರಿಯಲ್ಲಿ ಹೊತ್ತುಕೊಂಡು ಹೋದವು. ಅದೇ ವರ್ಷ ನಕ್ಷತ್ರವನ್ನೂ ಮಕ್ಕಳಿಂದಲೇ ಕಟ್ಟಿಸಿದೆ. ಒಳಗೆ ಹಳೆಯ 60 ವ್ಯಾಟಿನ ಬಲ್ಬು ಹಾಕಿದ್ದೆವು. ಕಾಗದ ಕಂದಿ ವಾಸನೆ ಬಂದ ಕೂಡಲೇ ತೆಗೆದೆವು, ದೇವರು ಕಾಪಾಡಿದ. ಕೊನೆಗೆ ಅಂಗಡಿಯಿಂದ ಆರು ನಕ್ಷತ್ರ ತಂದೆವು, ಅದಕ್ಕೇ ಸುಮಾರು 1,500 ರೂಪಾಯಿ. ವೇಷದ ಬಾಡಿಗೆ 1,800, ಥರ್ಮಾಕೋಲ್ 400, ಮೈಕಿಗೆ 500. ಎಲ್ಲ ಸೇರಿ 4,200ರ ಹತ್ತಿರ. ಇಷ್ಟು ಖರ್ಚು ಮಾಡಿ ಪಾಠ ಎಷ್ಟಾಯಿತು ಅಂತ ಕೇಳಿದರೆ ನನ್ನ ಬಳಿ ಉತ್ತರ ಇರಲಿಲ್ಲ.

2023ರಲ್ಲಿ ರಾಗಿ ಅರ್ಧಕ್ಕರ್ಧ ಮೊಳೆಯಲಿಲ್ಲ. ಎಷ್ಟೋ ದಿನ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ರಾಗಿ ಅದು. ಮೊಳೆತದ್ದನ್ನು ಅಳೆಯಲು ಕೂತಾಗ ಬೇರೆಯೇ ತೊಂದರೆ ಕಂಡಿತು. ನಿನ್ನೆ ಮೂರು ಸೆಂಟಿಮೀಟರ್ ಇದ್ದ ಗಿಡ ಇವತ್ತು ಎರಡೂವರೆ! ನೋಡಿದರೆ ಮಕ್ಕಳು ಸ್ಕೇಲಿನ ಅಂಚನ್ನು ಮಣ್ಣಿಗೆ ತಾಗಿಸುತ್ತಿದ್ದರು. ಸೊನ್ನೆಯ ಗೆರೆ ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗಿರುತ್ತದೆ. ಕೆಲವರು ಒಂದರಿಂದ ಎಣಿಸುತ್ತಿದ್ದರು. ನಾಲ್ಕನೇ, ಐದನೇ ತರಗತಿಯ ಮಕ್ಕಳು ಇವರು! ಪುಸ್ತಕದ ಲೆಕ್ಕ ಸರಿ ಮಾಡುತ್ತಿದ್ದರು, ಅಳೆಯಲು ಬರುತ್ತಿರಲಿಲ್ಲ. ಆ ವರ್ಷ ಹಬ್ಬ ಸಪ್ಪೆಯಾಯಿತು. ಆದರೆ ನನಗೆ ಈ ಒಂದು ವಿಷಯ ಸಿಕ್ಕಿತು. ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

2024ಕ್ಕೆ ತಟ್ಟೆ ಬಿಟ್ಟು ತೆಂಗಿನಕಾಯಿಯ ಗೆರಟೆಗೆ ಬಂದೆ. ನಡುವೆ ಅಡಿಕೆ ಹಾಳೆಯಲ್ಲೂ ಒಮ್ಮೆ ಮಾಡಿ ನೋಡಿದ್ದೆ, ಅದು ನೀರಿಗೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಗೆರಟೆಯಲ್ಲಿ ಕಣ್ಣಿರುವ ಕಡಿಯೇ (ಅರ್ಧ ಹೋಳೇ) ಬೇಕು. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ. ಅದನ್ನು ಮೊಳೆಯಿಂದ ಚುಚ್ಚಿದರೆ ನೀರು ಹೋಗುವ ದಾರಿ ತಾನಾಗಿಯೇ ಸಿದ್ಧ. ಒಂದು ಕಾಯಿಗೆ ಕಣ್ಣಿನ ಕಡಿ ಒಂದೇ, ಹಾಗಾಗಿ 62 ಮಕ್ಕಳಿಗೆ 62 ಕಾಯಿ. ನವೆಂಬರ್ ಇಡೀ ಮನೆಯಿಂದ ತರಿಸಿದೆವು. ಅಡುಗೆಯಕ್ಕನೂ ಬಿಸಿಯೂಟದ ಕಾಯಿಯ ಗೆರಟೆ ತೆಗೆದಿಟ್ಟರು. ಪ್ರತಿಯೊಂದಕ್ಕೂ ಮಗುವಿನ ಹೆಸರಿನ ಚೀಟಿ. ನನ್ನದು ಅಂತ ಆದಮೇಲೆ ಒಬ್ಬರ ಗೆರಟೆಗೆ ಇನ್ನೊಬ್ಬರು ನೀರು ಹಾಕಲಿಲ್ಲ. ಬೆಳಿಗ್ಗೆ ಬಾಟಲಿ ಮುಚ್ಚಳದಲ್ಲಿ ನಾಲ್ಕು, ಮಧ್ಯಾಹ್ನ ಎರಡು, ಅಷ್ಟೇ. ಭಾನುವಾರ ಚರ್ಚಿನ ಬಲಿಪೂಜೆಗೆ ಬಂದ ಮಕ್ಕಳು ಎಲ್ಲರದ್ದಕ್ಕೂ ಹಾಕಿದರು.

ಇರುವೆಗೆ ಪರಿಹಾರ ಹೇಳಿದ್ದು ಎರಡನೇ ತರಗತಿಯ ಹುಡುಗಿ. "ಟೀಚರ್, ನಮ್ಮ ಅಜ್ಜಿ ಕಪಾಟಿನ ಕಾಲನ್ನು ನೀರಲ್ಲಿ ಇಡ್ತಾರೆ" ಎಂದಳು. ಸರಿ, ಎರಡು ಬೆಂಚಿನ ಎಂಟು ಕಾಲಿನ ಅಡಿಗೆ ನೀರು ತುಂಬಿದ ಡಬ್ಬಗಳು. ಆಮೇಲೆ ಒಂದು ಇರುವೆಯೂ ಹತ್ತಲಿಲ್ಲ. ಅದಕ್ಕೆ ಮೊದಲು ಅರಿಶಿನದ ಗೆರೆ, ಬೂದಿ ಎರಡನ್ನೂ ನೋಡಿದ್ದೆವು. ಒಂದು ದಿನ ತಡೆಯುತ್ತವೆ, ಅಷ್ಟೇ.

ರಾಗಿಯನ್ನು ಈ ಸಲ ಹೊಸ ಬೆಳೆಯದ್ದೇ ತರಿಸಿದೆ. ಬುಧವಾರ ರಾತ್ರಿ ನೆನೆಹಾಕಿ, ಗುರುವಾರ ಬಟ್ಟೆಯಲ್ಲಿ ಕಟ್ಟಿ, ಶುಕ್ರವಾರ 13ಕ್ಕೆ ಬಿತ್ತಿದೆವು. ಎಲ್ಲ ಗೆರಟೆಯಲ್ಲೂ ಸಮವಾಗಿ ಏಳಲು ನಾನೊಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಶಾಲೆಗೆ ಬಂದರೆ ತೋರಿಸುತ್ತೇನೆ.

ಸೋಮವಾರ 16ರಂದು ಸ್ಕೇಲನ್ನು ಕಪಾಟಿಗೆ ಹಾಕಿ ಬೀಗ ಹಾಕಿದೆ. ಪ್ರತಿ ಮಗುವಿಗೂ ಬಣ್ಣದ ಕಾಗದದ ಪಟ್ಟಿ ಕೊಟ್ಟೆ. ಪಟ್ಟಿಯನ್ನು ಮಣ್ಣಿಗೆ ತಾಗಿಸಿ ಹಿಡಿಯುವುದು, ಗಿಡದ ತುದಿ ಎಲ್ಲಿಗೆ ಬರುತ್ತದೋ ಅಲ್ಲಿಗೆ ಕತ್ತರಿಸುವುದು, ಪುಸ್ತಕದಲ್ಲಿ ಅಂಟಿಸುವುದು. ಅಂಕಿ ಇಲ್ಲ, ಗೆರೆ ಇಲ್ಲ. ಮಂಗಳವಾರದ್ದು ಪಕ್ಕದಲ್ಲಿ, ಬುಧವಾರದ್ದು ಅದರ ಪಕ್ಕದಲ್ಲಿ. ಗುರುವಾರದ ಹೊತ್ತಿಗೆ ನಾಲ್ಕು ಪಟ್ಟಿ ಮೆಟ್ಟಿಲಿನ ಹಾಗೆ ನಿಂತವು. "ಟೀಚರ್, ಇದು ಪುಸ್ತಕದಲ್ಲಿ ಉಂಟು!" ಅಂತ ಐದನೆಯ ಹುಡುಗ ಕೂಗಿದ. ಸ್ತಂಭಾಲೇಖ. ನಾನು ಆ ಪದವನ್ನು ಆವರೆಗೆ ಬಾಯಿಗೇ ತಂದಿರಲಿಲ್ಲ. ಆಮೇಲೆ ಬೀಗ ತೆಗೆದು ಸ್ಕೇಲು ಕೊಟ್ಟೆ. ಪಟ್ಟಿಯನ್ನು ಅಳೆಯುವಾಗ ಸೊನ್ನೆಯ ಗೆರೆಯಿಂದಲೇ ಹಿಡಿದರು. ಯಾಕೆಂದರೆ ತಪ್ಪಾಗಿ ಹಿಡಿದರೆ ತಮ್ಮ ರಾಗಿಯೇ ಗಿಡ್ಡವಾಗುತ್ತದೆ, ಅದನ್ನು ಅವರು ಒಪ್ಪುವುದಿಲ್ಲ.

ಇದರ ಜೊತೆ ಹೆಸರುಕಾಳು, ಹುರುಳಿ, ಮೆಂತೆ ಒಂದೊಂದು ಗೆರಟೆ ನನ್ನ ಆಸೆಗೆ. ಹೆಸರು ಬೇಗ ಎದ್ದು ಬೇಗ ಬಾಗುತ್ತದೆ, ಗೋದಲಿಗೆ ಆಗುವುದಿಲ್ಲ. ಮೆಂತೆ ಚಂದ, ಆದರೆ ಮಕ್ಕಳು ಕಿತ್ತು ತಿನ್ನುತ್ತಾರೆ. ಒಂದು ರಾಗಿ ಗೆರಟೆಯನ್ನು ಬುಟ್ಟಿ ಮುಚ್ಚಿ ಇಟ್ಟೆವು. ಉದ್ದಕ್ಕೆ, ಹಳದಿಗೆ ಬೆಳೆಯಿತು. ಬಿಸಿಲಿಗಿಟ್ಟ ಮೇಲೆ ಎರಡು ದಿನದಲ್ಲಿ ಹಸಿರಾಯಿತು. ಮೂರನೆಯವರು ಆ ಗೆರಟೆಯ ಹತ್ತಿರದಿಂದ ಏಳಲೇ ಇಲ್ಲ. ಅದನ್ನು ಗೋದಲಿಯ ಮುಂದೆಯೇ ಇಡಬೇಕೆಂದು ಹಠ ಮಾಡಿದರು, ಇಟ್ಟೆವು.

ನಕ್ಷತ್ರದ ವಿಷಯಕ್ಕೆ ಬರುತ್ತೇನೆ. ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರಾವಿಯನ್ ಎಂಬ ಕ್ರೈಸ್ತ ಪಂಥದವರ ಶಾಲೆಯಲ್ಲಿ 1830ರ ದಶಕದಲ್ಲಿ ಹುಡುಗರಿಗೆ ರೇಖಾಗಣಿತ ಕಲಿಸಲೆಂದೇ ಕಾಗದದ ನಕ್ಷತ್ರ ಮಾಡಿಸುತ್ತಿದ್ದರಂತೆ. ಅದೇ ಮುಂದೆ ಊರೂರಿನ ಕ್ರಿಸ್ಮಸ್ ನಕ್ಷತ್ರವಾಯಿತು. ಸಿಸ್ಟರ್ ಅವರನ್ನು ಒಪ್ಪಿಸಲು ನಾನು ಹಿಡಿದದ್ದು ಇದೇ ಕಥೆ. ಅವರದು ಬಹಳ ತುದಿಗಳ ನಕ್ಷತ್ರ, ನಮ್ಮದು ಬಿದಿರಿನ ಐದು ತುದಿಯದು. ಕಟ್ಟಲು ಕಲಿಸಿದ್ದು ನಾನಲ್ಲ. ನಾಲ್ಕನೇ ತರಗತಿಯ ಒಬ್ಬ ಹುಡುಗನ ಅಪ್ಪ ದೀಪಾವಳಿಗೆ ಗೂಡುದೀಪ ಕಟ್ಟುವವರು. ಅವರನ್ನೇ ಕೇಳಿಕೊಂಡೆ. ಒಂದು ಮಧ್ಯಾಹ್ನ ಕೆಲಸ ಬಿಟ್ಟು ಬಂದು ಗಂಟು ಹಾಕುವುದನ್ನು ತೋರಿಸಿದರು, ಹಣ ಮುಟ್ಟಲಿಲ್ಲ. ಇದು ನಿಮ್ಮ ಹಬ್ಬ, ಅದು ನಮ್ಮ ಹಬ್ಬ ಅನ್ನುವ ಮಾತೇ ಆ ಮೇಲೆ ನಮ್ಮ ಶಾಲೆಯಲ್ಲಿ ಬರಲಿಲ್ಲ.

ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಬಂತಲ್ಲ, ನಮ್ಮ ಬಿದಿರಿನ ಕಡ್ಡಿ ಎಲ್ಲ ಒದ್ದೆ. ಒಣಗಿಸಿದ ಮೇಲೆ ಕೆಲವು ಸೊಟ್ಟ. ನಾಲ್ಕು ನಕ್ಷತ್ರದಲ್ಲಿ ಒಂದು ವಕ್ರವಾಗಿಯೇ ಕೂತಿತು, ಆ ಗುಂಪಿನ ಮಕ್ಕಳು ಅಳುವ ಹಾಗಾದರು. ಎರಡು ಚೌಕಟ್ಟನ್ನು ಬೆನ್ನಿಗೆ ಬೆನ್ನು ಸೇರಿಸುವ ಮೊದಲು ಕೋನಮಾಪಕ ಕೊಟ್ಟು ಐದೂ ತುದಿ ಅಳೆಯಿರಿ ಅಂದೆ. ಚಂದದ ನಕ್ಷತ್ರದಲ್ಲಿ ತುದಿಗೆ 36 ಡಿಗ್ರಿ ಬರಬೇಕು. ನೆಟ್ಟಗಿದ್ದ ಒಂದು ನಕ್ಷತ್ರದವರಿಗೆ 34, 35, 37, 37, 38 ಹೀಗೆ ಬಂತು, ಕೂಡಿಸಿದರೆ 181. ವಕ್ರ ನಕ್ಷತ್ರದಲ್ಲಿ ಒಂದು ತುದಿ 29, ಇನ್ನೊಂದು 44. ಕೂಡಿಸಿದರೆ ಅದೂ 179! ಹೇಗೆ ಸೊಟ್ಟ ಇದ್ದರೂ ಐದು ತುದಿ ಸೇರಿದರೆ 180ರ ಹತ್ತಿರವೇ. ಅಳುತ್ತಿದ್ದವರೇ ಮಿಕ್ಕ ಗುಂಪುಗಳಿಗೆ ಹೋಗಿ ಹೇಳಿ ಬಂದರು. ಆ ನಕ್ಷತ್ರ ಬಾಗಿಲ ಮೇಲೆಯೇ ತೂಗಿತು.

ಒಳಗೆ ಈಗ ಎಲ್‌ಇಡಿ ಬಲ್ಬು, ಅಷ್ಟು ಬಿಸಿ ಇಲ್ಲ. ಕಾಗದ ಇಬ್ಬನಿಗೆ ಬಿಟ್ಟುಕೊಳ್ಳದ ಹಾಗೆ ಮೈದಾ ಅಂಟಿಗೆ ಒಂದು ವಸ್ತು ಸೇರಿಸುತ್ತೇವೆ. ಮೈಲುತುತ್ತ ಅಲ್ಲ, ಮಕ್ಕಳ ಕೈಗೆ ಅದನ್ನು ಖಂಡಿತ ಕೊಡಬೇಡಿ. ನಮ್ಮದು ಅಡುಗೆಮನೆಯದೇ ವಸ್ತು, ಹೆಸರು ಹೇಳುವುದಿಲ್ಲ.

ಶುಕ್ರವಾರ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳು. ಅದರಲ್ಲಿ ಕಿಡಿಯೊ ಎಂಬ ಸಣ್ಣ ಸುರುಳಿಯ ಕರಿದ ತಿಂಡಿ ಒಂದನ್ನೇ ಆರಿಸಿಕೊಂಡೆ. ಮೊಟ್ಟೆ ಹಾಕದೆಯೂ ಆಗುತ್ತದೆ, ಎಲ್ಲ ಮಕ್ಕಳೂ ತಿನ್ನಬಹುದು. ಹೊಸ ಬಾಚಣಿಗೆ 20 ತಂದು ತೊಳೆದು, ಹಿಟ್ಟಿನ ಉಂಡೆಯನ್ನು ಅದರ ಮೇಲೆ ಒತ್ತಿ ಸುರುಳಿ ಮಾಡಿಸಿದೆ. ಕರಿಯುವುದು ಅಡುಗೆಯಕ್ಕನೇ, ಎಣ್ಣೆಯ ಹತ್ತಿರ ಮಕ್ಕಳಿಲ್ಲ. ಮೂರು ಕಿಲೋ ಮೈದಾಕ್ಕೆ ಮುಕ್ಕಾಲು ಕಿಲೋ ಸಕ್ಕರೆ, ಮೂರು ಕಾಯಿಯ ಹಾಲು. ಆದದ್ದು 1,130. ಎಣಿಸಿದ್ದು ಮೂರನೆಯವರು, ಹತ್ತು ಹತ್ತರ ಗುಡ್ಡೆ ಮಾಡಿ. ಐದನೆಯವರು 62ರಿಂದ ಭಾಗಿಸಿದರು: ತಲೆಗೆ 18, ಉಳಿದದ್ದು 14. ಶೇಷ ಅಂದರೇನು ಅಂತ ನಾನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿಲ್ಲ! ಆವತ್ತು ಆ 14 ಕಿಡಿಯೊ ತಟ್ಟೆಯಲ್ಲಿ ಎದುರಿಗೇ ಇತ್ತು. ಯಾರಿಗೆ ಕೊಡುವುದು ಅಂತ ಅರ್ಧ ಗಂಟೆ ಚರ್ಚೆ. ಏಳು ಅಡುಗೆಯಕ್ಕನಿಗೆ, ಏಳು ಗೂಡುದೀಪದ ಅಪ್ಪನಿಗೆ ಅಂತ ತೀರ್ಮಾನವಾಯಿತು.

ನಾಟಕದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಬೈಬಲಿನ ಲೂಕನ ಸುವಾರ್ತೆಯಲ್ಲಿ ಯೇಸು ಹುಟ್ಟಿದ ಕಥೆ ಶುರುವಾಗುವುದೇ ಜನಗಣತಿಯಿಂದ. ಹಾಗಾಗಿ ನಾಲ್ಕನೆಯವರು ಮೊದಲು ಶಾಲೆಯ ಗಣತಿ ಮಾಡಿದರು. ಮನೆಮಾತು ತುಳು 31, ಕೊಂಕಣಿ 12, ಬ್ಯಾರಿ 11, ಕನ್ನಡ 8. ಛತ್ರದವರು ಮರಿಯಳಿಗೂ ಜೋಸೆಫನಿಗೂ ಜಾಗ ಇಲ್ಲ ಅನ್ನುವುದನ್ನು ನಾಲ್ಕು ಭಾಷೆಯಲ್ಲೂ ಹೇಳಿಸಿದೆ. ಒಬ್ಬ ತುಳುವಿನಲ್ಲಿ "ಜಾಗೆ ಇಜ್ಜಿ", ಇನ್ನೊಬ್ಬಳು ಕೊಂಕಣಿಯಲ್ಲಿ "ಜಾಗೊ ನಾ". ತಮ್ಮ ಮನೆಮಾತು ವೇದಿಕೆಯಲ್ಲಿ ಕೇಳಿ ತಾಯಂದಿರು ಕಣ್ಣೊರೆಸಿಕೊಂಡರು. ಓದಲು ಹಿಂದಿದ್ದ ಮೂವರಿಗೆ ಗಣತಿಯ ಡಂಗುರದ ಪಾತ್ರ ಕೊಟ್ಟೆ, ಹಾಳೆ ನೋಡಿಯೇ ಓದಬೇಕಾದ ಪಾತ್ರ. ವೇಷಕ್ಕೆ ಮನೆಯ ಬೈರಾಸು, ಹಳೆಯ ಸೀರೆ, ಬೆಡ್‌ಶೀಟು. ಬಾಡಿಗೆ ಇಲ್ಲ.

ಶನಿವಾರ 21ರ ಕಾರ್ಯಕ್ರಮಕ್ಕೆ ರಾಗಿ ಐದು ಸೆಂಟಿಮೀಟರ್ ಆಸುಪಾಸು ಬಂದಿತ್ತು. 62 ಗೆರಟೆಯನ್ನೂ ಸೇರಿಸಿಟ್ಟಾಗ ಗೋದಲಿಯ ಮುಂದೆ ಗದ್ದೆಯೇ ಎದ್ದ ಹಾಗೆ. ಖರ್ಚು: ಕಿಡಿಯೊಗೆ ಬಾಚಣಿಗೆ ಸೇರಿ 600, ಕಾಗದ ದಾರ 350, ಬಲ್ಬು ವಯರು 500, ಮೈಕು 400, ರಾಗಿಗೆ ಇಪ್ಪತ್ತೋ ಏನೋ. ಒಟ್ಟು 1,900ರ ಒಳಗೆ. ಬಲ್ಬು ವಯರು ಈ ವರ್ಷಕ್ಕೂ ಬರುತ್ತದೆ.

ನವೆಂಬರಿನಲ್ಲಿ ನಾಲ್ಕು, ಐದನೆಯ 24 ಮಕ್ಕಳಿಗೆ ಒಂದು ಪೆನ್ಸಿಲ್ ಅಳೆಯಲು ಕೊಟ್ಟಿದ್ದೆ. ಒಂಬತ್ತು ಜನ ಸರಿ ಅಳೆದಿದ್ದರು. ಜನವರಿಯಲ್ಲಿ ಅದೇ ಕೊಟ್ಟೆ, 21 ಜನ ಸರಿ. ಸಂಶಯ ಹೇಳಿದ್ದ ಸಹೋದ್ಯೋಗಿ ಆ ಉತ್ತರ ಪತ್ರಿಕೆಗಳನ್ನು ತಾವೇ ಎಣಿಸಿ ನೋಡಿದರು. "ಮುಂದಿನ ಸಲ ಒಂದನೆಯ ಮಕ್ಕಳಿಗೂ ಪಟ್ಟಿ ಕತ್ತರಿಸಲು ಕೊಡಿ ಟೀಚರ್, ಅವರು ಸುಮ್ನೆ ನೀರು ಮಾತ್ರ ಹಾಕಿದ್ದು" ಎಂದರು. ನಿಜ, ಒಂದನೆಯವರ ಪಟ್ಟಿಯನ್ನು ನಾನೇ ಕತ್ತರಿಸಿ ಕೊಟ್ಟಿದ್ದೆ. ಈ ವರ್ಷ ಅವರಿಗೆ ಮೊಂಡು ತುದಿಯ ಕತ್ತರಿ ಹತ್ತು ತರಿಸುತ್ತಿದ್ದೇನೆ. ಗೆರಟೆ ಕೂಡಿಸಲು ಅಕ್ಟೋಬರಿನಿಂದಲೇ ಹೇಳಿದ್ದೇನೆ, ಕಣ್ಣಿನ ಕಡಿ ಮಾತ್ರ.