ರೆಟಿಕ್ ಸೊನ್ನೆ, ಐಜಿಎಂ ನೆಗೆಟಿವ್: ಆದರೂ ಅದು ಪಾರ್ವೊನೇ

ಹುಡುಗನಿಗೆ 9 ವರ್ಷ, ತೂಕ ಸುಮಾರು 22 ಕಿಲೋ. ಥಲಸ್ಸೇಮಿಯಾ, ಅಕ್ಕನ ಮ್ಯಾರೋ (ಅಸ್ಥಿಮಜ್ಜೆ) ಹಾಕಿದ್ದು. ವಿಜಯಪುರದ ಕಡೆಯವರು. ಅಪ್ಪ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ನಾಲ್ಕು ತಿಂಗಳು ಚೆನ್ನಾಗಿದ್ದ, ಆಮೇಲೆ ಹಿಮೋಗ್ಲೋಬಿನ್ ಇಳಿಯತೊಡಗಿತು. ರಕ್ತ ಹಾಕಿದರೆ 8, ಮೂರು ವಾರಕ್ಕೆ ಮತ್ತೆ 5. "ಸರ್ರ, ಹಾಕಿದ ರಕ್ತ ಎಲ್ಲಿ ಹೊಂಟೈತ್ರಿ?" ಅಂತ ಅಪ್ಪ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಬಿಳಿ ಕಣ, ಪ್ಲೇಟ್‌ಲೆಟ್ ಸರಿ ಇದ್ದವು. ಕೈಮೆರಿಸಂ, ಅಂದರೆ ರಕ್ತದಲ್ಲಿ ಯಾರ ಕಣ ಎಷ್ಟು ಅನ್ನೋ ಲೆಕ್ಕ, ಪೂರ್ತಿ ಅಕ್ಕನದೇ. ಆದರೂ ಕಸಿ ಕೈಕೊಡ್ತಿದೆ ಅಂದವರೇ ಜಾಸ್ತಿ. ರಕ್ತದ ಗ್ರೂಪ್ ಹೊಂದದೆ ಹೀಗಾಗಿದೆಯೇ ಅಂದರೆ ಅಕ್ಕ ತಮ್ಮ ಒಂದೇ ಗ್ರೂಪ್, ಹಾಗಾಗಿ ಆ ದಾರಿಯೂ ಮುಚ್ಚಿತು. ಮ್ಯಾರೋವನ್ನು ಕುಗ್ಗಿಸಬಹುದಾದ ಆಂಟಿಬಯಾಟಿಕ್ ಸೆಪ್ಟ್ರಾನ್ ನಿಲ್ಲಿಸಿದೆ. ಕೆಂಪು ಕಣ ಹುಟ್ಟಿಸುವ ಎರಿಥ್ರೋಪೊಯೆಟಿನ್ ಆರೇಳು ಇಂಜೆಕ್ಷನ್ ಕೊಟ್ಟೆ, 10 ಸಾವಿರ ರೂಪಾಯಿ ಹತ್ತಿರ ಹೋಯಿತು. ರೆಟಿಕ್, ಅಂದರೆ ಮ್ಯಾರೋದಿಂದ ಆಗಷ್ಟೇ ಹೊರಬಂದ ಎಳೆ ಕೆಂಪು ಕಣ, ಸೊನ್ನೆಯಿಂದ ಅಲುಗಲಿಲ್ಲ. ಕೆಂಪು ಕಣದ ತಾಯಿಕಣಗಳನ್ನೇ ಕೊಲ್ಲುವ ಪಾರ್ವೊ ವೈರಸ್ ಇರಬಹುದೆಂದು ಅದರ ಐಜಿಎಂ (ಹೊಸ ಸೋಂಕಿಗೆ ದೇಹ ಮಾಡುವ ಆಂಟಿಬಾಡಿ) ಕಳಿಸಿದೆ, ನೆಗೆಟಿವ್ ಬಂತು, ನಂಬಿದೆ. ಮೂರು ವಾರ ಹಾಳಾಯಿತು. ಇವತ್ತಿಗೂ ಅದು ಚುಚ್ಚುತ್ತದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಮೇಲಿರುವ ಮಗು ಆಂಟಿಬಾಡಿ ಎಲ್ಲಿಂದ ಮಾಡಬೇಕು, ಅಲ್ವಾ?

ಕೊನೆಗೆ ಮ್ಯಾರೋ ಸ್ಲೈಡ್ ನಾನೇ ಹಿಡಿದು ಕೂತೆ. ಕೆಂಪು ಕಣದ ಸಾಲೇ ಖಾಲಿ. ಅಲ್ಲೊಂದು ಇಲ್ಲೊಂದು ದೈತ್ಯ ಪ್ರೊನಾರ್ಮೋಬ್ಲಾಸ್ಟ್ (ಕೆಂಪು ಕಣದ ತೀರಾ ಎಳೆಯ ತಾಯಿಕಣ), ಕಡುನೀಲಿ ಅಂಚು, ಒಳಗೆ ಮಸುಕು ನೇರಳೆ ಉಂಡೆ. ಅವತ್ತೇ ರಕ್ತ ಮುಂಬೈಗೆ, ವೈರಸ್ಸಿನ ಡಿಎನ್ಎಯನ್ನೇ ಹುಡುಕುವ ಪಿಸಿಆರ್‌ಗೆ ಹೋಯಿತು, ಐದಾರು ಸಾವಿರ. ಪಾರ್ವೊ ಬಿ19, ಎಣಿಕೆ ಕೋಟಿಗಟ್ಟಲೆ.

ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ, ಕಿಲೋಗೆ 400 ಮಿಲಿಗ್ರಾಂ, 5 ದಿನ. 5 ಗ್ರಾಮಿನ ಬಾಟಲಿ 9, ಹೆಚ್ಚೂಕಡಿಮೆ 80 ಸಾವಿರ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂದರು ಹಿರಿಯರೊಬ್ಬರು. ಅರ್ಧ ದುಡ್ಡು ಒಂದು ಟ್ರಸ್ಟ್ ಕೊಟ್ಟಿತು, ಉಳಿದದ್ದನ್ನು ಯಾರ್ಡಿನ ಹಮಾಲರು ಕೂಡಿಸಿದರು. ಜೊತೆಗೆ ಸೈಕ್ಲೋಸ್ಪೊರಿನ್ ಇಳಿಸಿದೆ. ಯಾವ ದಿನ ಎಷ್ಟು ಅನ್ನೋದನ್ನು ಬರೆಯಲ್ಲ. ರೌಂಡ್ಸಿಗೆ ಬಂದರೆ ತೋರಿಸ್ತೇನೆ.

ರೆಟಿಕ್ ದಿನವೂ ನಾನೇ ಎಣಿಸಿದೆ. ಇಷ್ಟು ಕಡಿಮೆ ಇದ್ದಾಗ ಮೆಷಿನ್ನಿಗಿಂತ ನನ್ನ ಕಣ್ಣನ್ನೇ ಜಾಸ್ತಿ ನಂಬುತ್ತೇನೆ. ಬ್ರಿಲಿಯಂಟ್ ಕ್ರೆಸಿಲ್ ಬ್ಲೂ ಬಣ್ಣವನ್ನು 37 ಡಿಗ್ರಿಯಲ್ಲಿ 10, 15, 30 ನಿಮಿಷ ಇಟ್ಟು ನೋಡಿದೆ. ನನ್ನ ಕೈಗೆ 15 ನಿಮಿಷದ್ದೇ ಸ್ವಚ್ಛ. ಏಳು ದಿನ ಏನೂ ಇಲ್ಲ. ಎಂಟನೇ ದಿನ ನೀಲಿ ಬಲೆ ಹೊತ್ತ ಕಣ ನಾಲ್ಕು ಸಿಕ್ಕವು. ಹನ್ನೊಂದಕ್ಕೆ ನೂರಕ್ಕೆ ಆರು! ಹುಣಸೆಹಣ್ಣಿನ ಮಾತಾಡಿದವರನ್ನೇ ಕರೆದು ಸ್ಲೈಡ್ ತೋರಿಸಿದೆ.

ಮೂರು ತಿಂಗಳಿಗೆ ಮತ್ತೆ ಇಳಿಯಿತು. ಈ ಸಲ ಐಜಿಎಂ ಕಳಿಸಲೇ ಇಲ್ಲ, ನೇರ ಪಿಸಿಆರ್. ಎರಡನೇ ಸುತ್ತು ಕೊಟ್ಟ ಮೇಲೆ ಒಂದು ಹನಿ ರಕ್ತ ಹಾಕಿಲ್ಲ. ಹೋದ ವಾರ ಬಂದಿದ್ದ, ಹಿಮೋಗ್ಲೋಬಿನ್ 11 ದಾಟಿತ್ತು.