ನಂದಿ ಹಾಲ್ಟ್ ಸ್ಟೇಷನ್ನಿನ ಚರಿತ್ರೆ ಬರೆದದ್ದು ಹೀಗೆ

ನಂದಿ ಬೆಟ್ಟದ ಬುಡದ ನಂದಿ ಹಾಲ್ಟ್ ಸ್ಟೇಷನ್ನಿನ ಚರಿತ್ರೆ ಬರೆಯಲು ಹೊರಟಾಗ ಮೊದಲು ಎದುರಾದದ್ದು ರೈಲು ಬಂದ ಇಸವಿಯ ತಕರಾರು. ಒಬ್ಬರು 1913 ಅಂದರು, ಇನ್ನೊಬ್ಬರು 1915, ಮತ್ತೊಬ್ಬರು 1916. ಹಳೆಯ ದಾಖಲೆ ತಿರುವಿದ ಮೇಲೆ ಮೂರೂ ಸರಿ ಅಂತ ಗೊತ್ತಾಯಿತು. ಬಂಗಾರಪೇಟೆಯಿಂದ ಕೋಲಾರಕ್ಕೆ ರೈಲು ಬಂದದ್ದು 1913ರಲ್ಲಿ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ. ಕೋಲಾರದ ಹಳಿ ಚಿಕ್ಕಬಳ್ಳಾಪುರ ಸೇರಿದ್ದು 1916ರಲ್ಲಿ. ನಂದಿ ಇರುವುದು ಯಲಹಂಕದ ತುಂಡಿನಲ್ಲಿ, ಹಾಗಾಗಿ ಇದಕ್ಕೆ 1915. ಹಳೆಯ ಕಾಗದಗಳಲ್ಲಿ ಹುಡುಕುವವರು ಬಂಗಾರಪೇಟೆಯನ್ನು ಅದರ ಹಳೆಯ ಹೆಸರಾದ ಬೌರಿಂಗ್‌ಪೇಟೆ ಅಂತಲೂ ಹುಡುಕಿ.

ಇದು ಸಣ್ಣ ರೈಲಿನ ದಾರಿ. ಹಳಿಗಳ ನಡುವೆ ಇದ್ದದ್ದು ಎರಡೂವರೆ ಅಡಿ ಅಷ್ಟೇ. ಆ ಹಳಿಯದೊಂದು ತುಂಡು ಬೇಲಿಯ ಕಂಬವಾಗಿ ನಿಂತಿತ್ತು. ಹಳಿಯ ಪಕ್ಕೆಯ ಮೇಲೆ ಅದನ್ನು ಮಾಡಿದ ಕಂಪನಿ, ವರ್ಷ, ತೂಕ ಉಬ್ಬಕ್ಷರದಲ್ಲಿ ಇರುತ್ತೆ. ತುಕ್ಕನ್ನು ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಸೀಮೆಸುಣ್ಣ ಸವರಿ, ಟಾರ್ಚನ್ನು ಅಡ್ಡಲಾಗಿ ಹಿಡಿದೆ. ಅಳಿಸಿಹೋದ ಹಾಗಿದ್ದ ಅಕ್ಷರಗಳು ಒಂದೊಂದಾಗಿ ಎದ್ದವು. ಎಷ್ಟು ಖುಷಿಯಾಯಿತು ಗೊತ್ತಾ! ಆದರೆ ಅದು ಹಳಿ ತಯಾರಾದ ವರ್ಷ, ದಾರಿ ಶುರುವಾದ ವರ್ಷ ಅಲ್ಲ. ಒಂದು ಕಡೆ ಕಿತ್ತ ಹಳಿಯನ್ನು ಇನ್ನೊಂದು ಕಡೆ ಹಾಕುವುದು ರೈಲ್ವೆಯಲ್ಲಿ ಮಾಮೂಲು.

ಹಿರಿಯರ ಹತ್ತಿರ ಇಸವಿ ಕೇಳುವುದನ್ನು ಬಿಟ್ಟೆ. "ತಾತ, ಶಿವರಾತ್ರಿ ಜಾತ್ರೆಗೆ ಬಂದೋರು ಇಲ್ಲೇ ಇಳೀತಿದ್ರಾ?" ಅಂದರೆ ಸಾಕು, ಮಾತು ತಾನೇ ಹರಿಯುತ್ತಿತ್ತು. "ಟಿಕೆಟ್ ಕಿಂಡಿ ಮುಂದೆ ಕಾಲಿಡೋಕೆ ಜಾಗ ಇರ್ತಿರಲಿಲ್ಲ ಕಣಪ್ಪ, ಭೋಗನಂದೀಶ್ವರನ ತೇರಿಗೆ ಅಷ್ಟು ಜನ" ಅಂದರು ಒಬ್ಬರು. ಯಾವ ಮದುವೆಗೆ, ಯಾವ ಮಳೆಗಾಲದಲ್ಲಿ ಆ ರೈಲು ಹತ್ತಿದ್ದರು ಅಂತ ಕೇಳಿ, ಕಾಲವನ್ನು ನಾನೇ ಲೆಕ್ಕ ಹಾಕಿಕೊಂಡೆ.

1990ರ ದಶಕದಲ್ಲಿ ಯಲಹಂಕದ ಕಡೆ ಬ್ರಾಡ್‌ಗೇಜ್, ಅಂದರೆ ಈಗಿನ ಅಗಲದ ಹಳಿ, ಬಂತು. ಚಿಕ್ಕಬಳ್ಳಾಪುರ–ಕೋಲಾರ ಮಾತ್ರ 2013ರವರೆಗೆ ಕಾಯಬೇಕಾಯಿತು.

ಹಳೆಯ ಸ್ಟೇಷನ್ ಕಟ್ಟಡವನ್ನು ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ಮುತುವರ್ಜಿಯಿಂದ ದುರಸ್ತಿ ಮಾಡಿಸಿದ್ದಾರೆ, ಅದು ದೊಡ್ಡ ಉಪಕಾರ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ನನ್ನದೊಂದು ಒತ್ತಾಯ. ದುರಸ್ತಿ ಶುರುವಾಗುವ ಮುಂಚೆಯೇ ಹೆಂಚು, ತೊಲೆ, ಕಿಟಕಿ ಎಲ್ಲದರ ಅಳತೆ ತಗೊಳ್ಳಿ, ಫೋಟೋ ತೆಗೆದಿಡಿ. ಬಣ್ಣ ಬಿದ್ದ ಮೇಲೆ ಹಳೆಯ ಮರ ಯಾವುದು, ಹೊಸದು ಯಾವುದು ಅಂತ ಹೇಳುವುದು ಕಷ್ಟ. ನಾನು ಬರೆದದ್ದರ ಒಂದು ಪ್ರತಿಯನ್ನು ಪಂಚಾಯಿತಿ ಲೈಬ್ರರಿಗೆ ಕೊಟ್ಟಿದ್ದೇನೆ. ತಿದ್ದುವವರಿಗೆ ಅಂತಲೇ ಪುಟದ ಅಂಚಿನಲ್ಲಿ ಜಾಗ ಜಾಸ್ತಿ ಬಿಟ್ಟಿದ್ದೇನೆ.