ತಿಂಗಳಿಗೊಂದು ಅನಿಮೆ, ತಿಂಗಳಿಗೊಂದು ಬರಹ

ನನ್ನ ತಿಂಗಳು ಒಂದನೇ ತಾರೀಖಿಗೆ ಶುರುವಾಗುವುದಿಲ್ಲ, 21ಕ್ಕೆ ಶುರುವಾಗುತ್ತದೆ. ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ನನ್ನ ಕೆಲಸ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ವ್ಯಾಪಾರಿಗಳ ತೆರಿಗೆ ರಿಟರ್ನ್ ಸಲ್ಲಿಸುವ ಗಡುವುಗಳು. ಅಂಗಡಿಯವರು ಬಿಲ್ಲಿನ ಕಟ್ಟು ತಂದು ಮೇಜಿನ ಮೇಲೆ ಹಾಕುವುದು 19ರ ಸಂಜೆಗೇ. ಅದೆಲ್ಲ ಮುಗಿದ ಮೇಲೆ ಮುಂದಿನ ಹತ್ತನೇ ತಾರೀಖಿನ ತನಕ ಸಂಜೆಗಳು ನನ್ನವು. ಹಾಗಾಗಿ ಅನಿಮೆ (ಜಪಾನಿನ ಕಾರ್ಟೂನ್ ಸರಣಿ, ಸಿನಿಮಾ) ನೋಡುವ ಲೆಕ್ಕ, ನೋಡಿದ್ದರ ಬಗ್ಗೆ ಬರೆಯುವ ಲೆಕ್ಕ ಎರಡನ್ನೂ 21ರಿಂದ 20ಕ್ಕೆ ಇಟ್ಟುಕೊಂಡಿದ್ದೇನೆ.

ಗುರಿ ದೊಡ್ಡದೇನಲ್ಲ. ಹನ್ನೆರಡು ಹದಿಮೂರು ಕಂತಿನ ಹಳೆಯ ಸರಣಿ ಒಂದು, ಸಿನಿಮಾ ಒಂದು, ಜಪಾನಿನಲ್ಲಿ ಈಗ ಪ್ರಸಾರವಾಗುತ್ತಿರುವುದರಲ್ಲಿ ಒಂದೇ ಒಂದು. ಇವುಗಳಲ್ಲಿ ಯಾವುದಾದರೂ ಒಂದರ ಬಗ್ಗೆ ಒಂದು ಬರಹ, ಕನ್ನಡದಲ್ಲಿ, ಸಾವಿರ ಪದದೊಳಗೆ. ಬರಹ ಆಗದಿದ್ದರೆ ಆ ತಿಂಗಳು ನೋಡಿದ್ದು ಯಾವುದೂ ಜಮೆಗೆ ಬರುವುದಿಲ್ಲ. ತಿಂಗಳಿಗೆ ಇಷ್ಟು ಕಂತು ಎಂದು ಎಣಿಸುವವರನ್ನು ಬಲ್ಲೆ. ಅಕ್ಕನ ಮಗನೇ ಅಂಥವನು, ಹಿಂದಿ ಡಬ್ಬಿಂಗನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತಾನೆ. ಎಣಿಕೆಯಲ್ಲಿ ಅವನನ್ನು ಹಿಂದೆ ಹಾಕುವುದು ನನ್ನ ಕೈಲಾಗದ ಮಾತು, ಆಸೆಯೂ ಇಲ್ಲ.

ಹನ್ನೆರಡು ಹದಿಮೂರೇ ಯಾಕೆಂದರೆ ಜಪಾನಿನ ಟೀವಿ ವರ್ಷವನ್ನು ನಾಲ್ಕು ಪಾಲು ಮಾಡಿಕೊಂಡಿದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಮೂರು ತಿಂಗಳ ಒಂದು ಪಾಲಿಗೆ ಅಲ್ಲಿ ಕೂರ್ ಅನ್ನುತ್ತಾರೆ. ವಾರಕ್ಕೊಂದರಂತೆ ಅಷ್ಟರಲ್ಲಿ 12 ಅಥವಾ 13 ಕಂತು ಹಿಡಿಸುತ್ತವೆ. ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್ ಹಾಕುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಹಣಕಾಸು ವರ್ಷವೂ ಏಪ್ರಿಲ್ 1ಕ್ಕೇ ಶುರು, ಶಾಲೆಗಳೂ ಏಪ್ರಿಲ್‌ನಲ್ಲೇ. ಎಷ್ಟೋ ಶಾಲೆಯ ಕಥೆಗಳು ಚೆರ್ರಿ ಹೂ ಉದುರುವ ದಾರಿಯಲ್ಲಿ ಶುರುವಾಗುವುದು ಅದಕ್ಕೇ. ನನಗೆ ತಾಪತ್ರಯ ಮಾರ್ಚ್ ಮತ್ತು ಸೆಪ್ಟೆಂಬರಿನದು. ಅಲ್ಲಿ ಸರಣಿಗಳೆಲ್ಲ ಒಟ್ಟೊಟ್ಟಿಗೆ ಕೊನೆಯ ಕಂತಿಗೆ ಬರುವ ಹೊತ್ತಿಗೆ ಇಲ್ಲಿ ಒಂದು ಕಡೆ ವರ್ಷದ ಕೊನೆ, ಇನ್ನೊಂದು ಕಡೆ ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ವರದಿ.

ಹೊತ್ತಿನ ಲೆಕ್ಕ ಸುಲಭ. ಜಾಹೀರಾತು ತೆಗೆದರೆ ಒಂದು ಕಂತು ಸುಮಾರು 24 ನಿಮಿಷ. ಅದರಲ್ಲಿ ಮೊದಲಿನ ಹಾಡು ಒಂದೂವರೆ ನಿಮಿಷ, ಕೊನೆಯದು ಒಂದೂವರೆ ನಿಮಿಷ. 12 ಕಂತಿಗೆ ಐದು ತಾಸೂ ಆಗುವುದಿಲ್ಲ. ಅಂದರೆ ನೋಡಲು ಹೊತ್ತಿಲ್ಲ ಎಂಬ ಮಾತು ನನ್ನ ಮಟ್ಟಿಗೆ ಸುಳ್ಳು, ಹೊತ್ತು ಸಾಲದೇ ಬರುವುದು ಬರೆಯುವುದಕ್ಕೆ. ಪ್ರಸಾರವಾಗುತ್ತಿರುವ ಸರಣಿಗೆ ಇನ್ನೊಂದು ಅನುಕೂಲವಿದೆ. ಇವುಗಳಲ್ಲಿ ಬಹಳಷ್ಟು ಅಲ್ಲಿ ನಡುರಾತ್ರಿ ದಾಟಿದ ಮೇಲೆ ಬರುತ್ತವೆ. ಶುಕ್ರವಾರ ರಾತ್ರಿ ಕಳೆದು ಒಂದೂವರೆಗೆ ಬರುವುದನ್ನು ಅವರು ಶುಕ್ರವಾರ 25:30 ಎಂದೇ ಬರೆಯುತ್ತಾರೆ. ನಮಗಿಂತ ಮೂರೂವರೆ ತಾಸು ಮುಂದಿರುವುದರಿಂದ ಅವರ 25:30 ನಮಗೆ ರಾತ್ರಿ ಹತ್ತು ಗಂಟೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು.

ಆ ಒಂದನ್ನು ಆರಿಸುವುದಕ್ಕೆ ಮೂರು ಕಂತು ನೋಡಿ ತೀರ್ಮಾನಿಸು ಎಂಬ ರೂಢಿ ಅನಿಮೆ ನೋಡುವವರಲ್ಲಿದೆ. 2011ರ 'ಮದೋಕಾ ಮಾಗಿಕಾ' ಸರಣಿ ಮೂರನೇ ಕಂತಿನಲ್ಲಿ ಹೊರಳಿದ ಬಗೆಯನ್ನು ಈಗಲೂ ಸಾಕ್ಷಿಗೆ ಕರೆಯುತ್ತಾರೆ. ಹನ್ನೆರಡರಲ್ಲಿ ಮೂರೆಂದರೆ ಕಾಲು ಭಾಗ ಹೋಯಿತು. ನಾನು ಒಂದು ಕಂತು ನೋಡುತ್ತೇನೆ, ಬೇರೆಯವರು ಹೇಳಿದ್ದನ್ನು ಓದುವ ಮೊದಲು ನಾಲ್ಕು ಸಾಲು ಬರೆಯುತ್ತೇನೆ. ನಾಲ್ಕು ಸಾಲು ಹುಟ್ಟದಿದ್ದರೆ ಆ ಸರಣಿ ಕೆಟ್ಟದ್ದು ಎಂದಲ್ಲ, ನನಗೆ ಅದರ ಹತ್ತಿರ ಕೆಲಸವಿಲ್ಲ ಅಷ್ಟೆ.

ಬರೆದಿಡುವುದು ಉದ್ದನೆಯ ಖಾತೆ ಪುಸ್ತಕದಲ್ಲಿ. ತಾರೀಖು, ಕಂತು, ಆಮೇಲೆ ಮೂರು ಕಾಲಂ: ಕಂಡದ್ದು, ಕೇಳಿದ್ದು, ಪ್ರಶ್ನೆ. ಅರ್ಧಕ್ಕೆ ನಿಂತ ಸರಣಿಯನ್ನು ಮುಂದಿನ ತಿಂಗಳಿಗೆ ಶಿಲ್ಕು ಎಂದು ಎಳೆದುಕೊಳ್ಳಬಹುದು, ಆದರೆ ಒಂದೇ ಸಲ. ಎರಡನೇ ತಿಂಗಳೂ ಮುಗಿಯದಿದ್ದರೆ ಗೀಟು ಎಳೆದು ಬಿಟ್ಟುಬಿಡುವುದು. 'ಕಂಡದ್ದು' ಕಾಲಂನಲ್ಲಿ ಕಥೆ ಬರೆಯಕೂಡದು. ನಾಯಕ ಸತ್ತ ಎಂದರೆ ಅದು ಕಥೆ. ಸಾಯುವಾಗ ಮುಖ ತೋರಿಸದೆ ಬಾಗಿಲ ಹತ್ತಿರ ಬಿಟ್ಟ ಬೂಟು ತೋರಿಸಿದರು ಎಂದರೆ ಅದು ಕಂಡದ್ದು. ಈ ಒಂದು ಕಟ್ಟಳೆಯೇ ಮುಂದೆ ಯಾವ ತಿಂಗಳು ಏನು ನೋಡಬೇಕು ಎಂಬುದನ್ನೂ ತೀರ್ಮಾನಿಸತೊಡಗಿತು. ಕಥೆ ಬಿಟ್ಟು ಬರೆಯಬೇಕೆಂದರೆ ಕಥೆ ಮೊದಲೇ ಗೊತ್ತಿರುವುದನ್ನು ನೋಡುವುದೇ ವಾಸಿ.

ಇದು ನನಗೆ ಮನವರಿಕೆಯಾದದ್ದು ಸುಝುಮಿಯ ಹರುಹಿಯ ಸರಣಿಗೆ ಮೀಸಲಿಟ್ಟ ತಿಂಗಳಲ್ಲಿ. ಕ್ಯೋಟೋ ಅನಿಮೇಷನ್ ಸ್ಟುಡಿಯೋ ಮಾಡಿದ್ದು. 2006ರಲ್ಲಿ 14 ಕಂತು ಬಂದಿತ್ತು, ಅದೂ ಕಂತುಗಳ ಕ್ರಮವನ್ನು ಬೇಕೆಂದೇ ಕಲಸಿ. 2009ರಲ್ಲಿ ಅದನ್ನೇ ಕಾಲಕ್ರಮಕ್ಕೆ ಜೋಡಿಸಿ, ಹೊಸದಾಗಿ 14 ಸೇರಿಸಿ ಪ್ರಸಾರ ಮಾಡಿದರು. ಆ ಹೊಸ ಹದಿನಾಲ್ಕರಲ್ಲಿ ಎಂಟರ ಹೆಸರು 'ಎಂಡ್‌ಲೆಸ್ ಎಯ್ಟ್'. ಎಂಟೂ ಹೆಚ್ಚುಕಡಿಮೆ ಒಂದೇ ಕಥೆ. ಬೇಸಿಗೆ ರಜೆಯ ಕೊನೆಯ ಎರಡು ವಾರ. ಹರುಹಿಯೂ ಸೇರಿ ಐದು ಜನ ಗೆಳೆಯರು ಈಜುಕೊಳಕ್ಕೆ ಹೋಗುತ್ತಾರೆ, ಹಬ್ಬದ ಕುಣಿತಕ್ಕೆ ಹೋಗುತ್ತಾರೆ, ಪಟಾಕಿ ಹಚ್ಚುತ್ತಾರೆ, ಜೀರುಂಡೆ ಹಿಡಿಯುತ್ತಾರೆ, ಕಪ್ಪೆಯ ವೇಷ ತೊಟ್ಟು ಕೂಲಿ ಮಾಡುತ್ತಾರೆ. ಆಗಸ್ಟ್ 31 ಮುಗಿದ ಕೂಡಲೇ ಕಾಲ ಹಿಂದಕ್ಕೆ ತಿರುಗಿ ಮತ್ತೆ ಅದೇ ಎರಡು ವಾರ. ನಾಗಾತೊ ಎಂಬ ಹುಡುಗಿಯನ್ನು ಬಿಟ್ಟರೆ ಅವರಲ್ಲಿ ಯಾರಿಗೂ ನೆನಪಿರುವುದಿಲ್ಲ, ಎಲ್ಲೋ ನಡೆದಂತಿದೆ ಎಂಬ ಅನುಮಾನ ಮಾತ್ರ. ಇದು ಕಳಚಿಕೊಳ್ಳುವುದು 15,532ನೇ ಸುತ್ತಿನಲ್ಲಿ. ವಾರಕ್ಕೊಂದರಂತೆ ಕಾದು ನೋಡಿದ ಜಪಾನಿನ ಅಭಿಮಾನಿಗಳು ಆಗ ರೊಚ್ಚಿಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಕಂತು ಎಣಿಸುವವನಿಗೆ ಇದು ಶಿಕ್ಷೆ. ಮೊದಲನೆಯದನ್ನೂ ಎರಡನೆಯದನ್ನೂ ಕೊನೆಯದನ್ನೂ ನೋಡಿ ಎಂಟು ನೋಡಿದೆ ಎಂದು ಬರೆದುಕೊಂಡರೆ ಕೇಳುವವರಿಲ್ಲ, ಬಹಳ ಜನ ಮಾಡುವುದೂ ಹಾಗೇ. ನಾನು ದಿನಕ್ಕೊಂದರಂತೆ ಎಂಟನ್ನೂ ನೋಡಿದೆ. "ಇದು ನಿನ್ನೆ ನೋಡಿದ್ದೇ ಅಲ್ವೇನಪ್ಪಾ?" ಎಂದು ಅಮ್ಮ ಮೂರನೇ ದಿನ ಕೇಳಿದಳು. ಅಲ್ಲವೇ ಅಲ್ಲ. ಎಂಟನ್ನೂ ಬೇರೆ ಬೇರೆಯಾಗಿ ಚಿತ್ರಿಸಿದ್ದಾರೆ, ಎಂಟಕ್ಕೂ ಮಾತನ್ನು ಹೊಸದಾಗಿ ಧ್ವನಿಮುದ್ರಿಸಿದ್ದಾರೆ. ಉಟ್ಟ ಬಟ್ಟೆ ಬೇರೆ, ಕ್ಯಾಮೆರಾ ನಿಂತ ಜಾಗ ಬೇರೆ, ಜಾತ್ರೆಯಲ್ಲಿ ಕೊಂಡ ಮುಖವಾಡ ಬೇರೆ. ಎಲ್ಲವನ್ನೂ ಹಿಡಿಯಲು ಹೋದರೆ ಪುಸ್ತಕ ತುಂಬುತ್ತದೆಂದು ಒಂದೇ ದೃಶ್ಯಕ್ಕೆ ಕಟ್ಟುಬಿದ್ದೆ. ರಜೆ ಮುಗಿಯುವ ಮುನ್ನ ಕೆಫೆಯಲ್ಲಿ ಎಲ್ಲರೂ ಕೂತಿರುತ್ತಾರೆ. ಹರುಹಿ ಎದ್ದು ಹೊರಡುತ್ತಾಳೆ. ಅವಳನ್ನು ಈಗ ಏನಾದರೂ ಹೇಳಿ ನಿಲ್ಲಿಸಬೇಕು ಎಂದು ಗೆಳೆಯರಲ್ಲೊಬ್ಬನಾದ ಕ್ಯೋನ್‌ಗೆ ಅನ್ನಿಸುತ್ತದೆ, ಮಾತು ಬರುವುದಿಲ್ಲ. ಈ ದೃಶ್ಯ ಎಂಟು ಸಲ ಬಂದಾಗಲೂ ಕ್ಯಾಮೆರಾ ಎಲ್ಲಿದೆ, ಅವನು ಎಷ್ಟು ಸೆಕೆಂಡು ಸುಮ್ಮನಿದ್ದಾನೆ, ಆ ಮೌನದಲ್ಲಿ ಏನು ಕೇಳಿಸುತ್ತದೆ ಎಂದು ಅಕ್ಕಪಕ್ಕ ಎಂಟು ಕಾಲಂ ಮಾಡಿ ಬರೆದೆ. ನಾಲ್ಕನೆಯದರ ಹೊತ್ತಿಗೆ ಬೇಸರ ಬಂತು. ಆರನೆಯದರಲ್ಲಿ ಬೇಸರ ಹೋಗಿ ಹೊಟ್ಟೆಯಲ್ಲಿ ಕಳವಳ ಶುರುವಾಯಿತು: ಇವತ್ತಾದರೂ ಬಾಯಿ ಬಿಡು ಮಾರಾಯ ಎಂದು. ಕೊನೆಗೆ ಅವನು ಕೂಗುವುದು ಏನು ಗೊತ್ತೇ? ರಜೆಯ ಹೋಂವರ್ಕ್ ಮುಗಿಸಿಲ್ಲ ಎಂದು. ಎಲ್ಲರೂ ಅವನ ಮನೆಯಲ್ಲಿ ಕೂತು ಹೋಂವರ್ಕ್ ಬರೆದದ್ದೇ ಕಾಲ ಮುಂದಕ್ಕೆ ಹೋಗುತ್ತದೆ. ತಿಂಗಳ ಗುರಿ ಇಟ್ಟುಕೊಂಡವನಿಗೆ ಇದಕ್ಕಿಂತ ಚುಚ್ಚುವ ಮುಕ್ತಾಯ ಬೇಕೆ! ಆ ತಿಂಗಳ ಬರಹ ಮಾತ್ರ ಗಡುವಿಗೆ ಮೊದಲೇ ಮುಗಿಯಿತು.

ಬಯಲಾಟಕ್ಕೆ ಹೋಗುವವರು ಕಥೆ ತಿಳಿಯಲು ಹೋಗುತ್ತಾರೆಯೇ? ಕರ್ಣ ಸಾಯುತ್ತಾನೆಂಬುದು ಊರಿಗೆಲ್ಲ ಗೊತ್ತು, ಈ ಸಲದ ಕರ್ಣ ಹೇಗೆ ಸಾಯುತ್ತಾನೆ ಎಂದು ನೋಡಲು ಹೋಗುತ್ತಾರೆ. ಇದೇ ಧೈರ್ಯದ ಮೇಲೆ ಇನ್ನೊಂದು ತಿಂಗಳು ಸಿನಿಮಾದ ಪಾಲಿಗೆ ಜಪಾನಿನವರು ನಮ್ಮವರ ಜೊತೆ ಸೇರಿ ಮಾಡಿದ ರಾಮಾಯಣವನ್ನು ಹಾಕಿಕೊಂಡೆ. ಯೂಗೊ ಸಾಕೊ ಮುಂದೆ ನಿಂತು ಮಾಡಿಸಿದ್ದು, ನಿರ್ದೇಶನದಲ್ಲಿ ನಮ್ಮ ರಾಮ್ ಮೋಹನ್ ಜೊತೆಗಿದ್ದರು. ವನರಾಜ್ ಭಾಟಿಯಾರ ಸಂಗೀತ, ಹಾಡುಗಳು ಸಂಸ್ಕೃತದಲ್ಲಿ. 1990ರ ದಶಕದ ಮೊದಲಲ್ಲಿ ತಯಾರಾದ ಈ ಚಿತ್ರ ನಮ್ಮ ಚಿತ್ರಮಂದಿರಗಳಿಗೆ ವ್ಯಾಪಕವಾಗಿ ಬಂದದ್ದು 2025ರ ಜನವರಿಯಲ್ಲಿ, ಹಿಂದಿ, ತಮಿಳು, ತೆಲುಗು ಡಬ್ಬಿಂಗಿನೊಂದಿಗೆ. ಕನ್ನಡಕ್ಕೆ ಎಂದಿನಂತೆ ಚಾಪೆ ಇಲ್ಲ. ಮನೆಯಲ್ಲಿ ನಾವು ನೋಡಿದ್ದು ಅರುಣ್ ಗೋವಿಲ್ ರಾಮನಿಗೆ ದನಿ ಕೊಟ್ಟ ಹಳೆಯ ಹಿಂದಿ ಆವೃತ್ತಿ. ಎಲ್ಲರೂ ಕೂತು ನೋಡಿದ್ದರಿಂದ ನೋಡುವ ಗುರಿ ತಾನಾಗಿ ಮುಟ್ಟಿತು. ಬರೆಯಲು ಕಥೆ ಎಂಬುದು ಒಂದು ಚೂರೂ ಉಳಿದಿರಲಿಲ್ಲ, ಗೆರೆ, ಬಣ್ಣ, ಹಾಡು ಎಲ್ಲಿ ಬಂತು ಎಲ್ಲಿ ಬರಲಿಲ್ಲ ಇಷ್ಟೇ. ಅಕ್ಕನ ಮಗ ಕರಡು ಓದಿ, "ಮಾಮಾ, ಈ ಸಲ ಕತಿ ಹೇಳಿಲ್ಲ ನೋಡು, ಅದಕ್ಕ ಓದಿಸ್ಕೊಂಡು ಹೋತು" ಅಂದ. ಅವನೇ ನನ್ನ ಮೊದಲ ಓದುಗ, ಹೊಗಳುವ ಚಾಳಿ ಅವನಿಗಿಲ್ಲ.

ಗೆರೆಯ ಬಗ್ಗೆ ಬರೆಯಲು ಸ್ವಲ್ಪ ಕಸುಬು ಕಲಿಯಬೇಕಾಯಿತು. ಯೂಟ್ಯೂಬಿನಲ್ಲಿ ವಿಡಿಯೋ ನಿಲ್ಲಿಸಿ ಫುಲ್‌ಸ್ಟಾಪ್ ಕೀ ಒತ್ತಿದರೆ ಒಂದೊಂದೇ ಫ್ರೇಮು ಮುಂದಕ್ಕೆ ಹೋಗುತ್ತದೆ, ಕಾಮಾ ಒತ್ತಿದರೆ ಹಿಂದಕ್ಕೆ. ವಿಎಲ್‌ಸಿಯಲ್ಲಿ ಮುಂದಕ್ಕೆ ಹೋಗಲು ಇ ಕೀ. ಸಿನಿಮಾ ಲೆಕ್ಕದಲ್ಲಿ ಸೆಕೆಂಡಿಗೆ 24 ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮು ಹಿಡಿದರೆ ಸೆಕೆಂಡಿಗೆ 12 ಚಿತ್ರ, ಮೂರು ಹಿಡಿದರೆ ಎಂಟೇ. ಟೀವಿ ಅನಿಮೆ ಬದುಕಿದ್ದೇ ಈ ಉಳಿತಾಯದಿಂದ. ಕಾಮಿಕ್ಸ್ ಕಲಾವಿದ ಒಸಾಮು ತೆಝುಕಾ 1963ರ ಜನವರಿ 1ರಂದು 'ಆಸ್ಟ್ರೋ ಬಾಯ್' ಸರಣಿ ಶುರುಮಾಡಿದಾಗ ವಾರಕ್ಕೊಂದು ಕಂತು ಕೊಡಲು ಮಾಡಿಕೊಂಡ ದಾರಿ ಇದು: ಚಿತ್ರ ಕಡಿಮೆ ಮಾಡು, ತುಟಿ ಮಾತ್ರ ಆಡಿಸು, ಒಮ್ಮೆ ಬರೆದದ್ದನ್ನು ತೆಗೆದಿಟ್ಟು ಮತ್ತೆ ಬಳಸು. ಇದು ತಿಳಿದ ಮೇಲೆ ಎಂಡ್‌ಲೆಸ್ ಎಯ್ಟ್ ನನಗೆ ಇನ್ನೂ ದೊಡ್ಡ ಹುಚ್ಚಾಟವಾಗಿ ಕಂಡಿತು. ತೆಗೆದಿಟ್ಟದ್ದನ್ನು ಬಳಸಲು ಇದಕ್ಕಿಂತ ಒಳ್ಳೆಯ ನೆಪ ಯಾರಿಗೂ ಸಿಕ್ಕಿರಲಾರದು, ಅವರೋ ಎಂಟು ಸಲ ಹೊಸದಾಗಿ ಬರೆಯಲು ಕೂತರು.

ಜಪಾನಿ ಭಾಷೆ ನನಗೆ ಬರುವುದಿಲ್ಲ. ಆದರೂ ಕೊನೆಯ ಹಾಡಿನ ಮೇಲೆ ಓಡುವ ಹೆಸರುಗಳಲ್ಲಿ ಮೂರು ಹುದ್ದೆಯ ಅಕ್ಷರಗಳನ್ನು ಗುರುತು ಹಿಡಿಯುತ್ತೇನೆ: ಸ್ಟೋರಿಬೋರ್ಡ್ (ದೃಶ್ಯಗಳ ಕಚ್ಚಾ ಚಿತ್ರ) ಬರೆದವರು, ಆ ಕಂತನ್ನು ನಿರ್ದೇಶಿಸಿದವರು, ಚಿತ್ರಗಳನ್ನು ತಿದ್ದಿ ಒಂದು ಹದಕ್ಕೆ ತಂದವರು. ಸರಣಿಗೆ ನಿರ್ದೇಶಕ ಒಬ್ಬನಿದ್ದರೂ ಕಂತಿನಿಂದ ಕಂತಿಗೆ ಈ ಕೈಗಳು ಬದಲಾಗುತ್ತವೆ. ಒಂದು ಕಂತು ಇದ್ದಕ್ಕಿದ್ದಂತೆ ಬೇರೆ ಉಸಿರಾಡಿದರೆ ಅಲ್ಲಿ ಹುಡುಕಬೇಕು. ಸಬ್‌ಟೈಟಲ್ಲಿನದು ಬೇರೆಯೇ ಕಾಟ. ಕಣ್ಣು ಪರದೆಯ ಕೆಳಗೇ ನೆಟ್ಟಿರುತ್ತದೆ. ಹಾಗಾಗಿ ಯಾವುದರ ಬಗ್ಗೆ ಬರೆಯಬೇಕೆಂದಿದ್ದೇನೋ ಆ ಕಂತನ್ನು ಎರಡನೇ ಸಲ ಸಬ್‌ಟೈಟಲ್ ತೆಗೆದು ನೋಡುತ್ತೇನೆ. 'ಕಂಡದ್ದು' ಕಾಲಂ ತುಂಬುವುದು ಬಹುಪಾಲು ಆವಾಗಲೇ.

ಸೆಪ್ಟೆಂಬರಿಗೆ ಗುರಿಯನ್ನು ಮೊದಲೇ ಇಳಿಸಿ ಬರೆದಿಡುತ್ತೇನೆ. ಸರಣಿ ಇಲ್ಲ, ಸಿನಿಮಾ ಒಂದು, ಬರಹ ಮುನ್ನೂರು ಪದ. ಈ ಕೊರತೆಯ ತಿಂಗಳಿಗೆ ನಿರ್ದೇಶಕ ಸತೋಷಿ ಕೋನ್‌ನಷ್ಟು ಒದಗಿಬಂದವರಿಲ್ಲ. 2010ರಲ್ಲಿ 46ನೇ ವಯಸ್ಸಿಗೇ ತೀರಿಹೋದ ಈತ ಮುಗಿಸಿದ್ದು ನಾಲ್ಕೇ ಸಿನಿಮಾ, ನಾಲ್ಕೂ ಒಂದೂವರೆ ತಾಸಿನ ಆಸುಪಾಸು. 'ಮಿಲೇನಿಯಂ ಆಕ್ಟ್ರೆಸ್'ನಲ್ಲಿ ಮುದಿ ನಟಿಯೊಬ್ಬಳು ತನ್ನ ಬದುಕು ಹೇಳುತ್ತಾಳೆ. ಸಂದರ್ಶನಕ್ಕೆ ಬಂದವನೂ ಅವನ ಕ್ಯಾಮೆರಾದವನೂ ಆ ನೆನಪುಗಳೊಳಕ್ಕೇ ನಡೆದುಬಿಡುತ್ತಾರೆ. ಅವಳು ಓಡುತ್ತಲೇ ಒಂದು ಸಿನಿಮಾದಿಂದ ಇನ್ನೊಂದಕ್ಕೆ, ಒಂದು ಕಾಲದಿಂದ ಇನ್ನೊಂದಕ್ಕೆ ದಾಟುತ್ತಾಳೆ. ಆ ಓಟದಲ್ಲಿ ದೃಶ್ಯ ಕತ್ತರಿಸಿ ಜೋಡಿಸಿದ ಜಾಗಗಳನ್ನು ಮಾತ್ರ ಎಣಿಸಿ ಬರೆದರೂ ಮುನ್ನೂರು ಪದ ಸಾಲುವುದಿಲ್ಲ. ಆಡಿಟ್ ಕಡತಗಳ ನಡುವೆ ಅಷ್ಟು ಸಾಕು.

ಈ ಅಕ್ಟೋಬರ್ 21ರಿಂದ ಹೊಸ ಖಾತೆ. ಹಳೆಯ ಸರಣಿಯ ಪಾಲಿಗೆ ಮೋಗ್ಲಿಯನ್ನು ಹಾಕಿಕೊಂಡಿದ್ದೇನೆ. 90ರ ದಶಕದಲ್ಲಿ ದೂರದರ್ಶನದಲ್ಲಿ ಗುಲ್ಝಾರ್ ಬರೆದ ಹಾಡಿನ ಜೊತೆ ಬರುತ್ತಿದ್ದ ಆ ಕಾಡಿನ ಹುಡುಗನೇ. ಅದು ನಿಪ್ಪಾನ್ ಅನಿಮೇಷನ್ 1989ರಲ್ಲಿ ಶುರುಮಾಡಿದ ಜಪಾನಿ ಸರಣಿ ಎಂದು ಆಗ ನಮ್ಮ ಓಣಿಯಲ್ಲಿ ಯಾರಿಗೆ ಗೊತ್ತಿತ್ತು? 52 ಕಂತು, ಅಂದರೆ ಸರಿಯಾಗಿ ನಾಲ್ಕು ಕೂರ್. ತಿಂಗಳಿಗೆ 13ರಂತೆ ಫೆಬ್ರವರಿ 20ಕ್ಕೆ, ಮಾರ್ಚಿನ ಗಲಾಟೆಗೆ ಮೊದಲು, ಮುಗಿಯಬೇಕು. ಮೊದಲ ತಿಂಗಳ ಬರಹಕ್ಕೆ ತೋಳಗಳ ನಡಿಗೆ ಎಂದು ಗುರುತು ಹಾಕಿದ್ದೇನೆ: ನಾಲ್ಕು ಕಾಲಿನ ಪ್ರಾಣಿಯ ಹಿಂಡನ್ನು ಆ ಉಳಿತಾಯದಲ್ಲಿ ಹೇಗೆ ನಡೆಸಿದರು, ಸೆಕೆಂಡಿಗೆ ಎಷ್ಟು ಚಿತ್ರ ಖರ್ಚು ಮಾಡಿದರು ಎಂದು ಫ್ರೇಮು ಸರಿಸಿ ನೋಡಬೇಕು. ಅಕ್ಕನ ಮಗನಿಗೆ ಹೇಳಿದರೆ, "ತ್ವಾಳ ನಡ್ಯೋದ್ರಾಗ ಏನೈತಿ ಮಾಮಾ?" ಅಂದ. ಕರಡು ಅವನಿಗೇ ಮೊದಲು ಹೋಗುತ್ತದೆ.